ಎಂಟು ಕೋಶಗಳಲ್ಲಿ ಯಾವುದು ಏನಾಗಬೇಕೆಂದು ನಿರ್ಧರಿಸುವವರು ಯಾರು?

ಕುಂಬಳೆಯ ಟೀಚರ್:

ನಾನು ಕುಂಬಳೆಯ ಹತ್ತಿರದ ಒಂದು ಶಾಲೆಯಲ್ಲಿ ಪ್ಲಸ್ ವನ್ ಮತ್ತು ಪ್ಲಸ್ ಟು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಇಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಎದುರಾಗುತ್ತದೆ. ಆದ್ದರಿಂದ ಪುಸ್ತಕದ ವಾಕ್ಯಗಳನ್ನು ಕನ್ನಡದಲ್ಲಿಯೂ ಅಗತ್ಯಬಿದ್ದರೆ ತುಳುವಿನಲ್ಲಿಯೂ ಬಿಡಿಸಿ ಹೇಳುವುದು ನನಗೆ ಅಭ್ಯಾಸವಾಗಿದೆ.

ಕಳೆದ ವಾರ ಮಾನವ ಸಂತಾನೋತ್ಪತ್ತಿಯ ಪಾಠ ನಡೆಯುತ್ತಿತ್ತು. ಫಲಿತ ಅಂಡ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತದೆ. ಎಂಟರಿಂದ ಹದಿನಾರು ಕೋಶಗಳಿರುವ ಉಂಡೆಗೆ ಮೊರುಲಾ ಎಂದು ಹೆಸರು. ಅದು ಮುಂದೆ ಬ್ಲಾಸ್ಟೊಸಿಸ್ಟ್ ಆಗುತ್ತದೆ. ಬ್ಲಾಸ್ಟೊಸಿಸ್ಟಿನ ಹೊರಪದರ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ಒಳಗಿನ ಕೋಶಗಳ ಗೊಂಚಲು ಭ್ರೂಣವಾಗುತ್ತದೆ ಎಂದೆಲ್ಲ ಹೇಳಿದೆ. ಆ ಒಳಗೊಂಚಲಿನಲ್ಲಿ ದೇಹದ ಎಲ್ಲ ಅಂಗಾಂಶಗಳನ್ನೂ ಹುಟ್ಟಿಸಬಲ್ಲ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇವೆ ಎಂದು ಪುಸ್ತಕ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಎಂಟೂ ಒಂದೇ ತರ ಇದ್ದರೆ, ನೀನು ಮಾಸಾಗು, ನೀನು ಮಗುವಾಗು ಎಂದು ಅವುಗಳಿಗೆ ಹೇಳುವವರು ಯಾರು?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಬಂದವಳು ಮೂರು ದಿನಗಳಿಂದ ಓದುತ್ತಲೇ ಇದ್ದೇನೆ. ತಿಳಿದವರು ತರಗತಿಯಲ್ಲಿ ಹೇಳಬಹುದಾದ ಕನ್ನಡದಲ್ಲಿ ವಿವರಿಸಿದರೆ ಉಪಕಾರವಾಗುತ್ತದೆ.

ನೀರ್ಚಾಲಿನವ, ಈಗ ಬೆಂಗಳೂರಿನಲ್ಲಿ:

ಟೀಚರೇ, ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ನಾನು ಏಳು ವರ್ಷಗಳಿಂದ ಇಲಿಯ ಭ್ರೂಣಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ದಿನವೂ ಬಾಯಿಗೆ ಬರುವ ಪ್ರಶ್ನೆ ಅದೇ.

ಎಂಟೂ ಒಂದೇ ತರ ಇವೆಯೇ ಎಂಬುದನ್ನು ಮೊದಲು ನೋಡೋಣ. ಪೋಲೆಂಡಿನ ವಿಜ್ಞಾನಿ ಟಾರ್ಕೋವ್‌ಸ್ಕಿ 1959ರಲ್ಲಿ ಎರಡು ಕೋಶಗಳ ಹಂತದಲ್ಲಿದ್ದ ಇಲಿಯ ಭ್ರೂಣವನ್ನು ತೆಗೆದುಕೊಂಡು, ಒಂದು ಕೋಶವನ್ನು ಸೂಜಿಯಿಂದ ಚುಚ್ಚಿ ನಾಶಮಾಡಿ, ಉಳಿದ ಒಂದನ್ನೇ ಇನ್ನೊಂದು ತಾಯಿಯ ಗರ್ಭದಲ್ಲಿ ಬೆಳೆಯಲು ಬಿಟ್ಟರು. ಹುಟ್ಟಿದ್ದು ಅರ್ಧ ಇಲಿಯಲ್ಲ, ಕೈಕಾಲು ಬಾಲ ಎಲ್ಲ ಇದ್ದ ಇಡೀ ಮರಿ. 1961ರಲ್ಲಿ ಅವರೇ ಇದರ ತಿರುವುಮುರುವು ಪ್ರಯೋಗವನ್ನು ಪ್ರಕಟಿಸಿದರು. ಎಂಟೆಂಟು ಕೋಶಗಳ ಎರಡು ಭ್ರೂಣಗಳನ್ನು ಒಂದಕ್ಕೊಂದು ಅಂಟಿಸಿದಾಗ ಅವಳಿಯೂ ಆಗಲಿಲ್ಲ, ಎರಡು ತಲೆಯ ಮರಿಯೂ ಆಗಲಿಲ್ಲ. ಎರಡೂ ಕಡೆಯ ಕೋಶಗಳು ಬೆರೆತ ಒಂದೇ ಇಲಿ ಬೆಳೆಯಿತು. ಹೀಗೆ ದುಪ್ಪಟ್ಟು ಕೋಶಗಳಿಂದ ಹೊರಟ ಭ್ರೂಣವೂ ಗರ್ಭಕ್ಕೆ ಅಂಟಿದ ಮೇಲೆ ತನ್ನ ಅಳತೆಯನ್ನು ಸರಿಪಡಿಸಿಕೊಂಡು ಎಂದಿನ ಗಾತ್ರಕ್ಕೆ ಬರುತ್ತದೆ. ಅರ್ಧವಿದ್ದರೆ ತುಂಬಿಕೊಳ್ಳುತ್ತದೆ, ಹೆಚ್ಚಿದ್ದರೆ ಹೊಂದಿಸಿಕೊಳ್ಳುತ್ತದೆ. ಪ್ರತಿ ಕೋಶಕ್ಕೂ ಮೊದಲೇ ಹಣೆಬರಹ ಬರೆದಿಟ್ಟಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹಾಗಾದರೆ ತೀರ್ಮಾನ ಎಲ್ಲಿ ಆಗುತ್ತದೆ? ಟಾರ್ಕೋವ್‌ಸ್ಕಿಯವರು ವ್ರುಬ್ಲೆವ್‌ಸ್ಕಾ ಅವರ ಜೊತೆಗೂಡಿ 1967ರಲ್ಲಿ ಸರಳವಾದ ಒಂದು ಉತ್ತರವನ್ನು ಮುಂದಿಟ್ಟರು: ಕೋಶ ಕುಳಿತಿರುವ ಜಾಗವೇ ಅದನ್ನು ನಿರ್ಧರಿಸುತ್ತದೆ. ಹೊರಗೆ ಸಿಕ್ಕಿಕೊಂಡದ್ದು ಮಾಸಿನ ಕಡೆಗೆ ಹೋಗುತ್ತದೆ, ನಾಲ್ಕೂ ಕಡೆಯಿಂದ ನೆರೆಯವರು ಸುತ್ತಿಕೊಂಡದ್ದು ಮಗುವಿನ ಕಡೆಗೆ ಹೋಗುತ್ತದೆ.

ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು ಭಾಗ್ಯವೆಂದೇ ನಾನು ತಿಳಿದಿದ್ದೇನೆ. ಮೂರನೆಯ ದಿನದ ಬೆಳಿಗ್ಗೆ ಇಲಿಯ ಭ್ರೂಣವನ್ನು ನೋಡಿದರೆ ಪಾರದರ್ಶಕ ಚಿಪ್ಪಿನೊಳಗೆ ಎಂಟು ದುಂಡನೆಯ ಕೋಶಗಳನ್ನು ಒಂದೊಂದಾಗಿ ಎಣಿಸಬಹುದು. ಕೆಲವು ಗಂಟೆ ಬಿಟ್ಟು ಬಂದು ನೋಡಿದರೆ ಎಣಿಸಲು ಏನೂ ಉಳಿದಿರುವುದಿಲ್ಲ. ನೆನೆಸಿಟ್ಟ ಸಾಬಕ್ಕಿ ಕಾಳುಗಳು ಒಂದಕ್ಕೊಂದು ಅಂಟಿ ಉಂಡೆಯಾದ ಹಾಗೆ ಕೋಶಗಳ ನಡುವಿನ ಗೆರೆಗಳೇ ಮಾಯವಾಗಿರುತ್ತವೆ. ಕೋಶಗಳ ಮೈಮೇಲಿರುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಸಹಾಯದಿಂದ ಅವುಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಆ ಉಂಡೆಯನ್ನು ಕ್ಯಾಲ್ಸಿಯಂ ಇಲ್ಲದ ದ್ರಾವಣಕ್ಕೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಹಿಡಿತ ಸಡಿಲಿ ಎಂಟೂ ಮತ್ತೆ ದುಂಡಗೆ ಬಿಟ್ಟುಕೊಳ್ಳುತ್ತವೆ. ಕ್ಯಾಲ್ಸಿಯಂ ಕೊಟ್ಟರೆ ಮತ್ತೆ ಒತ್ತಿಕೊಳ್ಳುತ್ತವೆ. ನಾನು ಮೊದಲ ಬಾರಿ ಇದನ್ನು ಮಾಡಿದ ರಾತ್ರಿ ಮನೆಗೆ ಹೋಗುವುದನ್ನೇ ಮರೆತಿದ್ದೆ.

ಹೀಗೆ ಒತ್ತಿಕೊಂಡಾಗ ಪ್ರತಿಯೊಂದು ಕೋಶಕ್ಕೂ ಹೊರಮುಖ ಮತ್ತು ಒಳಮುಖ ಎಂಬ ಭೇದ ಹುಟ್ಟುತ್ತದೆ. ಮುಂದಿನ ವಿಭಜನೆಗಳಲ್ಲಿ ಕೆಲವು ಕೋಶಗಳು ಪೂರ್ತಿ ಒಳಗೆ ಬೀಳುತ್ತವೆ. ಹೊರಮುಖ ಉಳ್ಳ ಕೋಶಗಳಲ್ಲಿ ಯಾಪ್ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ಟೀಡ್4 ಎಂಬ ಇನ್ನೊಂದರ ಜೊತೆ ಸೇರಿ, ಸಿಡಿಎಕ್ಸ್2 ಎಂಬ ಜೀನನ್ನು ಎಬ್ಬಿಸುತ್ತದೆ. ಅಲ್ಲಿಂದ ಮಾಸಿನ ಹಾದಿ ಆರಂಭವಾಗುತ್ತದೆ. ಒಳಗಿನ ಕೋಶಗಳಲ್ಲಿ ಹಿಪ್ಪೋ ಎಂಬ ಸಂಕೇತ ವ್ಯವಸ್ಥೆ ಎಚ್ಚರವಾಗಿರುವುದರಿಂದ ಯಾಪ್ ಕೋಶಕೇಂದ್ರಕ್ಕೆ ಹೋಗದೆ ಹೊರಗೇ ಉಳಿಯುತ್ತದೆ. ಆಕ್ಟ್4, ಸಾಕ್ಸ್2 ಮುಂತಾದ ಜೀನುಗಳ ಆಳ್ವಿಕೆ ಮುಂದುವರಿಯುತ್ತದೆ. ಆಮೇಲೆ ಹೊರಗಿನ ಕೋಶಗಳು ಸೋಡಿಯಂ ಅನ್ನು ಒಳಕ್ಕೆ ಸಾಗಿಸುತ್ತವೆ, ಅದರ ಹಿಂದೆಯೇ ನೀರು ಬರುತ್ತದೆ, ನಡುವೆ ಪೊಳ್ಳು ಮೂಡಿ ಒಳಗಿನ ಕೋಶಗಳ ಗೊಂಚಲು ಒಂದು ಬದಿಗೆ ಸರಿಯುತ್ತದೆ. ನಿಮ್ಮ ಪುಸ್ತಕದಲ್ಲಿರುವ ಬ್ಲಾಸ್ಟೊಸಿಸ್ಟಿನ ಚಿತ್ರ ಅದುವೇ. ಇಲಿಯಲ್ಲಿ ಇದು ನಾಲ್ಕನೆಯ ದಿನ ಆಗುತ್ತದೆ, ಮನುಷ್ಯನಲ್ಲಿ ಐದನೆಯ ದಿನದ ಸುಮಾರಿಗೆ.

ಒಳಗೊಂಚಲಿನಲ್ಲಿ ಎರಡನೆಯ ತೀರ್ಮಾನವೂ ನಡೆಯುತ್ತದೆ. ಅಲ್ಲಿ ಕೆಲವು ಕೋಶಗಳು ನಾನಾಗ್ ಎಂಬ ಜೀನನ್ನೂ ಕೆಲವು ಗಾಟಾ6 ಎಂಬುದನ್ನೂ ಹಿಡಿದುಕೊಂಡು, ಉಪ್ಪು ಮತ್ತು ಕಾಳುಮೆಣಸಿನ ಪುಡಿ ಬೆರೆತ ಹಾಗೆ ಚೆದುರಿ ಕುಳಿತಿರುತ್ತವೆ. ನಾನಾಗ್ ಹಿಡಿದವು ಎಫ್‌ಜಿಎಫ್4 ಎಂಬ ಸಂದೇಶವನ್ನು ಹೊರಸೂಸಿ ಪಕ್ಕದವನ್ನು ಯೋಕ್ ಸ್ಯಾಕ್ ಎಂಬ, ಭ್ರೂಣದ ಹೊರಗಿನ ಚೀಲದ ಪದರದ ಕಡೆಗೆ ತಳ್ಳುತ್ತವೆ. ಈ ಎರಡನೆಯ ತೀರ್ಮಾನವೂ ನೆರೆಹೊರೆಯ ಮಾತುಕತೆಯಿಂದಲೇ ಆಗುವುದು. ನಾಲ್ಕು ಕೋಶಗಳ ಹಂತದಲ್ಲಿಯೇ ಕೋಶಗಳ ನಡುವೆ ಸಣ್ಣ ಒಲವುಗಳಿವೆ ಎಂದು ವಾದಿಸುವ ಪ್ರಯೋಗಾಲಯಗಳಿವೆ, ಅವರ ಬಳಿ ಪುರಾವೆಯೂ ಇದೆ; ಆದರೆ ಒಲವು ಬೇರೆ, ತೀರ್ಪು ಬೇರೆ ಎಂಬುದು ನನ್ನ ಅಭಿಪ್ರಾಯ. ಆ ಹುಡುಗಿಗೆ, "ಮೇಲೆ ಕುಳಿತು ಹೇಳುವವರು ಯಾರೂ ಇಲ್ಲ, ತಾನೆಲ್ಲಿದ್ದೇನೆ ಎಂದು ಕೋಶವೇ ತಡವಿ ನೋಡಿಕೊಳ್ಳುತ್ತದೆ" ಎಂದು ಧೈರ್ಯವಾಗಿ ಹೇಳಿ.

ಕೂಡ್ಲಿನ ನಿವೃತ್ತ:

ನಾನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ ವಿಭಾಗದಲ್ಲಿ ಬಹಳ ವರ್ಷ ಸಹಾಯಕನಾಗಿದ್ದೆ. ತಮ್ಮನವರ ಬರಹವನ್ನು ಓದುವಾಗ ನನ್ನ ಕೈಗಳಿಗೆ ಹಳೆಯ ಕೆಲಸ ನೆನಪಾಯಿತು.

ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಕಣ್ಣಿನ ಕೆಳಗೆ ಭ್ರೂಣವಿರುತ್ತದೆ. ಅದನ್ನು ಕೊಬ್ಬರಿಯ ಒಂದು ತುಂಡಿನೊಂದಿಗೆ ಕೊರೆದು ತೆಗೆದು, ಶುದ್ಧೀಕರಿಸಿ, ಮೊಳಕೆಯ ಕುಡಿಯನ್ನು ಬ್ಲೇಡಿನಿಂದ ತೆಳ್ಳಗೆ ಹೆಚ್ಚಿ, ಇದ್ದಿಲಿನ ಪುಡಿ ಬೆರೆಸಿದ ಕಪ್ಪು ಮಾಧ್ಯಮದ ಮೇಲೆ ಇಟ್ಟು ಕತ್ತಲೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಇದ್ದಿಲು ಹಾಕದಿದ್ದರೆ ತುಂಡುಗಳು ತಾವೇ ಬಿಡುವ ರಸದಿಂದ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತಿದ್ದವು. ತೆಂಗು ಬಹಳ ಹಟದ ಮರ; ಬಾಳೆಯಲ್ಲಿ ಸುಲಭವಾಗಿ ಆಗುವುದು ತೆಂಗಿನಲ್ಲಿ ಆಗುವುದಿಲ್ಲ. ಅಡಿಕೆಯ ಎಳೆ ಹಿಂಗಾರದ ತುಂಡಿನಿಂದ ಸಸಿ ಪಡೆಯುವ ಕ್ರಮ ನಮ್ಮಲ್ಲಿ ಸಿದ್ಧವಾದಾಗ ಎಲ್ಲರಿಗೂ ಹಬ್ಬದಂತಿತ್ತು, ಏಕೆಂದರೆ ಹಳದಿ ಎಲೆ ರೋಗ ಬಂದ ತೋಟದಲ್ಲಿ ರೋಗವಿಲ್ಲದೆ ನಿಂತ ಒಂದು ಮರವನ್ನು ಕಡಿಯದೆಯೇ ಅದರ ಸಂತಾನವನ್ನು ಪಡೆಯಬಹುದು.

ನನ್ನ ಪ್ರಶ್ನೆ ಹೀಗಿದೆ. ಗಿಡದಲ್ಲಿ ಬೆಳೆದು ನಿಂತ ಅಂಗದ ತುಂಡೂ ಮತ್ತೆ ಭ್ರೂಣವಾಗುತ್ತದೆ. ಪ್ರಾಣಿಯಲ್ಲಿ ಹಾಗೆ ಏಕೆ ಆಗುವುದಿಲ್ಲ? ಇನ್ನೊಂದು ಮಾತು ಪದಗಳ ಬಗ್ಗೆ. ಟೋಟಿಪೊಟೆಂಟ್, ಪ್ಲೂರಿಪೊಟೆಂಟ್ ಎಂಬ ಎರಡು ಪದಗಳಿಗೆ ಟೀಚರರು ತರಗತಿಯಲ್ಲಿ ಏನು ಹೇಳುತ್ತಾರೆ? ಮೊದಲನೆಯದನ್ನು ಸರ್ವಶಕ್ತ ಎಂದರೆ ದೇವರ ವಿಶೇಷಣದಂತೆ ಕೇಳಿಸುತ್ತದೆ.

ಪೆರ್ಲದ ಹೈನುಗಾರ:

ವಿಜ್ಞಾನ ಓದಿದವನಲ್ಲ, ಆದರೂ ಇಲ್ಲಿ ಬರೆಯಬೇಕೆನಿಸಿತು. ಎರಡು ವರ್ಷದ ಹಿಂದೆ ನಮ್ಮ ಹಟ್ಟಿಯ ಮಿಶ್ರತಳಿ ದನ ಅವಳಿ ಕರು ಹಾಕಿತು, ಒಂದು ಹೋರಿ, ಒಂದು ಹೆಣ್ಣು. ಹೆಣ್ಣುಕರುವನ್ನು ಬಹಳ ಆಸೆಯಿಂದ ಸಾಕಿದೆವು. ಅದು ಚೆನ್ನಾಗಿಯೇ ಬೆಳೆಯಿತು, ಆದರೆ ಒಮ್ಮೆಯೂ ಬೆದೆಗೆ ಬರಲಿಲ್ಲ. ಡಾಕ್ಟರರು ಕೈಹಾಕಿ ನೋಡಿ, ಗರ್ಭಕೋಶವೇ ಬೆಳೆದಿಲ್ಲ, ಹೋರಿಯ ಜೊತೆ ಹುಟ್ಟಿದ ಹೆಣ್ಣುಕರು ಹೆಚ್ಚಾಗಿ ಹೀಗೆಯೇ ಎಂದರು. ನಮ್ಮ ಕಾಸರಗೋಡು ಗಿಡ್ಡ ದನಗಳಲ್ಲಿ ಅವಳಿ ಹುಟ್ಟಿದ್ದನ್ನು ನಾನು ನೋಡಿಯೇ ಇಲ್ಲ, ಆದ್ದರಿಂದ ಈ ವಿಷಯ ಗೊತ್ತಿರಲಿಲ್ಲ. ಅರ್ಧ ಭ್ರೂಣದಿಂದ ಪೂರ್ತಿ ಇಲಿ ಆಗುತ್ತದೆ, ಎರಡು ಭ್ರೂಣ ಸೇರಿ ಒಂದು ಇಲಿ ಆಗುತ್ತದೆ ಎಂದರೆ, ಆ ಕರುಗಳೂ ಒಳಗೆ ಸೇರಿಹೋಗಿದ್ದವೇ?

ನೀರ್ಚಾಲಿನವ, ಈಗ ಬೆಂಗಳೂರಿನಲ್ಲಿ:

ಮೊದಲು ಹಿರಿಯರ ಪ್ರಶ್ನೆ. ಟೋಟಿಪೊಟೆಂಟ್ ಎಂದರೆ ಮಗುವನ್ನೂ ಅದನ್ನು ಹೊರುವ ಮಾಸನ್ನೂ ಸೇರಿಸಿ ಎಲ್ಲವನ್ನೂ ತಾನೊಂದೇ ಕಟ್ಟಬಲ್ಲ ಕೋಶ. ಫಲಿತ ಅಂಡ ಹಾಗಿರುತ್ತದೆ. ಪ್ಲೂರಿಪೊಟೆಂಟ್ ಎಂದರೆ ದೇಹದ ಯಾವ ಅಂಗವನ್ನಾದರೂ ಕಟ್ಟಬಲ್ಲದು, ಆದರೆ ಮಾಸನ್ನು ಕಟ್ಟಿಕೊಂಡು ತಾನಾಗಿ ಗರ್ಭದಲ್ಲಿ ನೆಲೆಯೂರಲಾರದು. ಒಳಗೊಂಚಲಿನ ಕೋಶಗಳು ಅಂಥವು. ನಾನು ಊರಿನವರೊಂದಿಗೆ ಮಾತಾಡುವಾಗ "ಪೂರ್ಣಸಮರ್ಥ", "ಬಹುಸಮರ್ಥ" ಎನ್ನುತ್ತೇನೆ. ಮಕ್ಕಳು ಪರೀಕ್ಷೆಯಲ್ಲಿ ಇಂಗ್ಲಿಷ್ ಪದವನ್ನೇ ಬರೆಯಬೇಕಾಗಿರುವುದರಿಂದ ಅದನ್ನೂ ಕನ್ನಡ ಅಕ್ಷರದಲ್ಲಿ ಜೊತೆಗೇ ಕಲಿಸುವುದು ಒಳ್ಳೆಯದು.

ಪ್ರಾಣಿಯಲ್ಲಿ ಬೆಳೆದ ಕೋಶ ತಾನಾಗಿ ಹಿಂದಿರುಗುವುದಿಲ್ಲವೆಂಬುದು ನಿಜ, ಆದರೆ ಹಿಂದಿರುಗಿಸಲು ಸಾಧ್ಯ. ಜಾನ್ ಗರ್ಡನ್ 1962ರಲ್ಲಿ ಕಪ್ಪೆಮರಿಯ ಕರುಳಿನ ಕೋಶದ ಕೇಂದ್ರವನ್ನು ಅಂಡಕ್ಕೆ ಸೇರಿಸಿ ಗೊದಮೊಟ್ಟೆಗಳನ್ನು ಬೆಳೆಸಿದರು. 1996ರಲ್ಲಿ ಕುರಿಯ ಕೆಚ್ಚಲಿನ ಕೋಶದಿಂದ ಡಾಲಿ ಎಂಬ ತದ್ರೂಪಿ ಕುರಿಮರಿ ಹುಟ್ಟಿತು. 2009ರಲ್ಲಿ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಎಮ್ಮೆಯ ತದ್ರೂಪಿ ಕರು ಹುಟ್ಟಿತು. 2006ರಲ್ಲಿ ಜಪಾನಿನ ಶಿನ್ಯಾ ಯಾಮನಾಕಾ ಮತ್ತು ತಕಾಹಾಶಿ ಅಂಡವನ್ನೂ ಬಿಟ್ಟುಬಿಟ್ಟರು. ಬಹುಸಮರ್ಥ ಕೋಶಗಳಲ್ಲಿ ಕೆಲಸ ಮಾಡುವ 24 ಜೀನುಗಳನ್ನು ಆಯ್ದು, ಒಂದೊಂದನ್ನೇ ಕೈಬಿಟ್ಟು ನೋಡುತ್ತ, ಕೊನೆಗೆ ನಾಲ್ಕೇ ಸಾಕೆಂದು ಕಂಡುಕೊಂಡರು: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಇಲಿಯ ಬಾಲದ ತುದಿಯ ಸಾಮಾನ್ಯ ಕೋಶ ಈ ನಾಲ್ಕರಿಂದ ಬಹುಸಮರ್ಥವಾಯಿತು. ಗರ್ಡನ್ ಮತ್ತು ಯಾಮನಾಕಾ 2012ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ನಿಮ್ಮ ಹಿಂಗಾರದ ತುಂಡು ಕತ್ತಲೆಯಲ್ಲಿ ಹಾರ್ಮೋನು ಉಂಡು ಮಾಡುವ ಕೆಲಸವನ್ನು ನಮ್ಮ ಕೋಶಗಳು ಇಷ್ಟು ಒತ್ತಾಯವಿಲ್ಲದೆ ಮಾಡುವುದಿಲ್ಲ.

ಭ್ರೂಣದೊಳಗೆ ಈ ಬಹುಸಮರ್ಥ ಸ್ಥಿತಿ ಇರುವುದು ಕೆಲವೇ ದಿನ. ಅದನ್ನು ಹಿಡಿದು ನಿಲ್ಲಿಸಿದ್ದು 1981ರಲ್ಲಿ, ಕೇಂಬ್ರಿಡ್ಜಿನಲ್ಲಿ ಇವಾನ್ಸ್ ಮತ್ತು ಕಾಫ್‌ಮನ್, ಅಮೆರಿಕದಲ್ಲಿ ಗೇಲ್ ಮಾರ್ಟಿನ್. ಇವಾನ್ಸ್ ಮತ್ತು ಕಾಫ್‌ಮನ್ ಬಳಸಿಕೊಂಡ ಉಪಾಯ ಇಲಿಯ ಬಾಳ್ವೆಯಲ್ಲಿಯೇ ಇತ್ತು. ಮರಿ ಹಾಕಿದ ಕೂಡಲೇ ಮತ್ತೆ ಗರ್ಭ ಕಟ್ಟಿದ ತಾಯಿ ಇಲಿ ಹಾಲೂಡಿಸುತ್ತಿರುವಷ್ಟು ದಿನ, ಅವಳ ಹೊಸ ಬ್ಲಾಸ್ಟೊಸಿಸ್ಟುಗಳು ಗರ್ಭಕೋಶದಲ್ಲಿ ಅಂಟಿಕೊಳ್ಳದೆ ಹಾಗೆಯೇ ತಡೆದು ನಿಲ್ಲುತ್ತವೆ. ಆ ತಡೆಯನ್ನು ಪ್ರಯೋಗಾಲಯದಲ್ಲಿ ಉಂಟುಮಾಡಿ, ನಿಂತ ಭ್ರೂಣಗಳಿಂದ ಅವರು ಕೋಶಗಳನ್ನು ತೆಗೆದರು. ಮನುಷ್ಯನ ಭ್ರೂಣದಿಂದ ಅಂಥ ಕೋಶಗಳನ್ನು ಜೇಮ್ಸ್ ಥಾಮ್ಸನ್ 1998ರಲ್ಲಿ ಬೆಳೆಸಿದರು. ದನದ ಕೋಶಗಳನ್ನು ಸ್ಥಿರವಾಗಿ ಬೆಳೆಸಲು 2018ರವರೆಗೆ ಕಾಯಬೇಕಾಯಿತು. ದನ ಈ ವಿಷಯದಲ್ಲಿ ನಿಮ್ಮ ತೆಂಗಿನಂತೆಯೇ.

ಇನ್ನು ಪೆರ್ಲದ ಅಣ್ಣನವರಿಗೆ. ನಿಮ್ಮ ಕರುಗಳು ಎರಡು ಬೇರೆ ಬೇರೆ ಅಂಡಗಳಿಂದ ಹುಟ್ಟಿದವು, ಭ್ರೂಣಗಳು ಸೇರಿಹೋಗಲಿಲ್ಲ. ಸೇರಿದ್ದು ಮಾಸಿನ ರಕ್ತನಾಳಗಳು. ದನದ ಬ್ಲಾಸ್ಟೊಸಿಸ್ಟ್ ಮನುಷ್ಯನದರಂತೆ ಒಂದು ವಾರದಲ್ಲಿ ಅಂಟಿಕೊಳ್ಳುವುದಿಲ್ಲ. ಅದು ಎರಡನೆಯ ವಾರದ ಕೊನೆಗೆ ಉದ್ದವಾಗತೊಡಗಿ, ಹದಿನೇಳನೆಯ ದಿನದ ಹೊತ್ತಿಗೆ ಸುಮಾರು ಗೇಣುದ್ದದ ಬಿಳಿ ದಾರದಂತೆ ಗರ್ಭಕೋಶದ ಕೊಂಬಿನಲ್ಲಿ ಚಾಚಿಕೊಂಡಿರುತ್ತದೆ. ಆ ದಾರ ಹೊರಬಿಡುವ ಇಂಟರ್ಫೆರಾನ್ ಟೌ ಎಂಬ ಸಂದೇಶವೇ ದನ 21ನೆಯ ದಿನ ಮತ್ತೆ ಬೆದೆಗೆ ಬಾರದಂತೆ ತಡೆಯುವುದು. ಅವಳಿಯಿದ್ದಾಗ ಎರಡು ದಾರಗಳು ಒಂದೇ ಜಾಗದಲ್ಲಿ ಬೆಳೆದು, ಮುಂದೆ ಅವುಗಳ ಮಾಸುಗಳ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಹೋರಿಯ ಹಾರ್ಮೋನು ಹೆಣ್ಣಿನ ದೇಹಕ್ಕೆ ಹರಿದು ಅಂಡಾಶಯ, ಗರ್ಭಕೋಶಗಳು ಬೆಳೆಯದಂತೆ ಮಾಡುತ್ತದೆ. ಹೀಗೆ ಹುಟ್ಟಿದ ನೂರು ಹೆಣ್ಣುಕರುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಗೊಡ್ಡಾಗುತ್ತವೆ. ನಿಮ್ಮ ಆರೈಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ರೇ ಓವೆನ್ ಎಂಬವರು 1945ರಲ್ಲಿ ಅವಳಿ ದನಗಳ ರಕ್ತವನ್ನು ಪರೀಕ್ಷಿಸಿದಾಗ, ಒಂದೊಂದರ ಮೈಯಲ್ಲೂ ಎರಡು ಬಗೆಯ ಕೆಂಪು ರಕ್ತಕಣಗಳು ಕಂಡವು, ಅದೂ ದೊಡ್ಡದಾದ ಮೇಲೆಯೂ. ಗರ್ಭದಲ್ಲಿ ದಾಟಿ ಬಂದ ಸೋದರನ ರಕ್ತದ ಆಕರಕೋಶಗಳು ಮಜ್ಜೆಯಲ್ಲಿ ನೆಲೆಯೂರಿ, ಅಲ್ಲಿಯೇ ವರ್ಷಗಟ್ಟಲೆ ರಕ್ತ ತಯಾರಿಸುತ್ತಿದ್ದವು. ಆದರೆ ಅವು ರಕ್ತವನ್ನು ಮಾತ್ರ ತಯಾರಿಸುತ್ತವೆ. ಆಕರಕೋಶ ಎಂಬ ಒಂದೇ ಹೆಸರಿನ ಕೆಳಗೆ ಇಷ್ಟು ಬೇರೆ ಬೇರೆ ಸಾಮರ್ಥ್ಯದ ಕೋಶಗಳಿವೆ ಎಂಬುದನ್ನು ಮನಸ್ಸಿನಲ್ಲಿಡಬೇಕು.

ಎಣ್ಮಕಜೆಯ ಒಬ್ಬ ತಂದೆ:

ನೀವು ಕೊನೆಯಲ್ಲಿ ಬರೆದ ವಾಕ್ಯವನ್ನು ನಾನು ಐದಾರು ಸಲ ಓದಿದೆ.

ನನ್ನ ಮಗನಿಗೆ ಈಗ 27 ವರ್ಷ. ಅವನು ನಡೆಯುವುದಿಲ್ಲ, ಅವನಿಗೆ ಮಾತಿಲ್ಲ; ಹೆಸರು ಹಿಡಿದು ಕರೆದರೆ ಕಣ್ಣು ಹೊರಳಿಸಿ ನೋಡುತ್ತಾನೆ. ನಮ್ಮ ಮನೆಯ ಮೇಲಿನ ಗುಡ್ಡ ಗೇರುತೋಟ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಅವನು ಹುಟ್ಟಿದ. ಬಾವಿಯ ಮೇಲೆ ಮಡಲು ಮುಚ್ಚಿ ನಾವು ಒಳಗೆ ಕುಳಿತಿರುತ್ತಿದ್ದೆವು. ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ.

ಹನ್ನೆರಡು ವರ್ಷಗಳ ಹಿಂದೆ ದೂರದ ನಗರದ ಒಂದು ಖಾಸಗಿ ಆಸ್ಪತ್ರೆಯವರು ಆಕರಕೋಶ ಚಿಕಿತ್ಸೆಯಿಂದ ಮೆದುಳು ಸರಿಯಾಗುತ್ತದೆ ಎಂದು ಹೇಳಿ ನಮ್ಮನ್ನು ಕರೆಸಿದರು. ಅಲ್ಲಿ ತೋರಿಸಿದ ವೀಡಿಯೋದಲ್ಲಿ ಇದೇ ಎಂಟು ಕೋಶಗಳ ಚಿತ್ರವಿತ್ತು; ಇದರಿಂದ ಏನು ಬೇಕಾದರೂ ಆಗುತ್ತದೆ ಎಂದು ವಿವರಿಸಿದರು. ಮಗನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಅದೇ ದಿನ ಸಂಜೆ ಬೆನ್ನಿನಲ್ಲಿ ಚುಚ್ಚಿದರು. ನಾಲ್ಕು ಲಕ್ಷ ರೂಪಾಯಿ ಆಯಿತು. ಕರಿಮಣಿಯೊಂದನ್ನು ಬಿಟ್ಟು ಮನೆಯವಳ ಚಿನ್ನವೆಲ್ಲ ಸೊಸೈಟಿಯಲ್ಲಿ ಅಡವಾಯಿತು. ಆರು ತಿಂಗಳು ಕಾದೆವು, ಯಾವ ಬದಲಾವಣೆಯೂ ಕಾಣಲಿಲ್ಲ. ಇನ್ನೂ ಎರಡು ಸಲ ಮಾಡಿಸಬೇಕಿತ್ತು ಎಂದರು. ನಮ್ಮಿಂದ ಆಗಲಿಲ್ಲ. ಆ ಎರಡು ಸಲ ಮಾಡಿಸಿದ್ದರೆ ಆಗುತ್ತಿತ್ತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮನೆಯವಳು ಕೇಳಲು ಹೇಳಿದ ಇನ್ನೊಂದು ಪ್ರಶ್ನೆಯಿದೆ. ಗರ್ಭಿಣಿಯೆಂದು ಗೊತ್ತಾಗುವ ಮೊದಲಿನ ದಿನಗಳಲ್ಲಿ ಅವಳು ಆ ಗುಡ್ಡದಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಅದರಿಂದ ಹೀಗಾಯಿತೇ ಎಂದು ಅವಳು ಕೇಳುತ್ತಾಳೆ.

ಮುಳ್ಳೇರಿಯದ ನರ್ಸ್:

ಅಣ್ಣ, ನಾನು ಸಾಂತ್ವನ ಆರೈಕೆಯ ತಂಡದಲ್ಲಿ ಮನೆಮನೆಗೆ ಹೋಗುವವಳು. ಇಂಥ ಆಸ್ಪತ್ರೆಗಳ ಬಣ್ಣದ ಕಾಗದಗಳನ್ನು ಹಲವು ಮನೆಗಳ ಕಪಾಟಿನಲ್ಲಿ ಕಂಡಿದ್ದೇನೆ. ಆಸ್ಪತ್ರೆಯಿಂದ ಬಂದ ಡಿಸ್ಚಾರ್ಜ್ ಕಾಗದ ನಿಮ್ಮಲ್ಲಿದ್ದರೆ ಅದರಲ್ಲಿ ಏನೆಂದು ಬರೆದಿದೆ ನೋಡಿ ಇಲ್ಲಿ ಹೇಳಿ. ಅದರ ಜೊತೆಗೆ, ಮಗನ ಸೊಂಟ ಮತ್ತು ಮಂಡಿಯ ಕೀಲುಗಳು ಬಿಗಿಯಾಗದಂತೆ ಮಾಡುವ ವ್ಯಾಯಾಮವನ್ನು ದಿನವೂ ಮಾಡಿಸುತ್ತಿದ್ದೀರಾ? ಅಪಸ್ಮಾರದ ಔಷಧವಿದ್ದರೆ ಒಂದು ದಿನವೂ ತಪ್ಪಿಸಬೇಡಿ.

ಎಣ್ಮಕಜೆಯ ಒಬ್ಬ ತಂದೆ:

ಕಾಗದ ಸಿಕ್ಕಿತು, ಸಂತ್ರಸ್ತರ ಕಾರ್ಡಿನ ಫೈಲಿನಲ್ಲಿಯೇ ಇತ್ತು. ಅದರಲ್ಲಿ ಇಂಗ್ಲಿಷಿನಲ್ಲಿ, "ಆಟೋಲೋಗಸ್ ಬೋನ್ ಮ್ಯಾರೋ ಮಾನೋನ್ಯೂಕ್ಲಿಯರ್ ಸೆಲ್ಸ್, ಇಂಟ್ರಾಥೀಕಲ್" ಎಂದು ಬರೆದಿದೆ. ವ್ಯಾಯಾಮ ಬೆಳಿಗ್ಗೆ ಮತ್ತು ಸಂಜೆ ನಾನೇ ಮಾಡಿಸುತ್ತೇನೆ.

ನೀರ್ಚಾಲಿನವ, ಈಗ ಬೆಂಗಳೂರಿನಲ್ಲಿ:

ಅಣ್ಣ, ಆ ಸಾಲಿನ ಅರ್ಥ ಇಷ್ಟೇ: ಅವನದೇ ಎಲುಬಿನ ಮಜ್ಜೆಯ ಕೋಶಗಳನ್ನು ಅವನದೇ ಬೆನ್ನುಹುರಿಯ ನೀರಿಗೆ ಸೇರಿಸಿದ್ದಾರೆ. ಮಜ್ಜೆಯಲ್ಲಿರುವುದು ನಾನು ದನದ ವಿಷಯದಲ್ಲಿ ಹೇಳಿದ ರಕ್ತದ ಆಕರಕೋಶಗಳು. ಥಲಸ್ಸೇಮಿಯಾ, ರಕ್ತದ ಕ್ಯಾನ್ಸರ್ ಮುಂತಾದ ರೋಗಗಳಲ್ಲಿ ಮಜ್ಜೆಯ ಕಸಿ ನಿಜವಾದ ಚಿಕಿತ್ಸೆ, ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಆ ಕೋಶಗಳು ಬಹುಸಮರ್ಥವಲ್ಲ. ಬೆನ್ನಿನ ನೀರಿಗೆ ಬಿಟ್ಟರೆ ಅವು ಮೆದುಳಿನ ನರಕೋಶಗಳಾಗುವುದಿಲ್ಲ. ನಿಮಗೆ ತೋರಿಸಿದ ಚಿತ್ರ ಒಂದು ಕೋಶದ್ದು, ನಿಮ್ಮ ಮಗನಿಗೆ ಚುಚ್ಚಿದ್ದು ಇನ್ನೊಂದು. ಎರಡು ಸಲವಲ್ಲ, ಇಪ್ಪತ್ತು ಸಲ ಮಾಡಿಸಿದ್ದರೂ ಆ ಮಜ್ಜೆಯಿಂದ ಮೆದುಳು ಕಟ್ಟಲು ಆಗುತ್ತಿರಲಿಲ್ಲ. ಆ ಎರಡು ಸಲದ ಚಿಂತೆಯನ್ನು ನೀವು ದಯವಿಟ್ಟು ಇಂದೇ ಬಿಟ್ಟುಬಿಡಬೇಕು.

ಚಿತ್ರದಲ್ಲಿದ್ದಂಥ ಬಹುಸಮರ್ಥ ಕೋಶಗಳನ್ನೇ ಚುಚ್ಚಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ನಮ್ಮ ಪ್ರಯೋಗಾಲಯದಲ್ಲಿ ಕೋಶಗಳು ನಿಜವಾಗಿಯೂ ಬಹುಸಮರ್ಥವೇ ಎಂದು ತಿಳಿಯಲು ಅವುಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಯ ಚರ್ಮದ ಕೆಳಗೆ ಚುಚ್ಚುತ್ತೇವೆ. ಕೆಲವು ವಾರಗಳಲ್ಲಿ ಅಲ್ಲಿ ಗಡ್ಡೆ ಬೆಳೆಯುತ್ತದೆ. ಅದನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿ ನೋಡಿದರೆ ಒಂದೇ ಗಾಜಿನ ಮೇಲೆ ಮೃದ್ವಸ್ಥಿಯ ತುಣುಕು, ಪಕ್ಕದಲ್ಲಿ ಕರುಳಿನ ಒಳಪದರ, ಅದರಾಚೆ ನರಕೋಶಗಳ ಸುರುಳಿ, ಯಾವ ಕ್ರಮವೂ ಇಲ್ಲದೆ ಬಿದ್ದಿರುತ್ತವೆ. ಈ ಗಡ್ಡೆಗೆ ಟೆರಟೋಮಾ ಎಂದು ಹೆಸರು. ಅಂಥ ಗಡ್ಡೆಯ ಕ್ಯಾನ್ಸರ್ ರೂಪದ ಕೋಶಗಳನ್ನೇ ಮಿಂಟ್ಜ್ ಮತ್ತು ಇಲ್‌ಮೆನ್ಸೀ 1975ರಲ್ಲಿ ಇಲಿಯ ಬ್ಲಾಸ್ಟೊಸಿಸ್ಟಿನೊಳಗೆ ಇಟ್ಟಾಗ, ಅವು ಅಲ್ಲಿನ ನೆರೆಹೊರೆಯ ಮಾತು ಕೇಳಿ ಆರೋಗ್ಯವಂತ ಇಲಿಯ ಅಂಗಗಳಲ್ಲಿ ಸೇರಿಕೊಂಡವು. ಟೀಚರರ ವಿದ್ಯಾರ್ಥಿನಿಯ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಕೋಶಕ್ಕೆ ದಾರಿ ಹೇಳುವುದು ಆ ಕೆಲವೇ ದಿನಗಳ ಭ್ರೂಣದ ನೆರೆಹೊರೆ. 15 ವರ್ಷದ ಹುಡುಗನ ಬೆನ್ನಿನಲ್ಲಿ ಆ ನೆರೆಹೊರೆ ಇಲ್ಲ.

ಆದ್ದರಿಂದಲೇ ಈ ಕೋಶಗಳಿಂದ ಚಿಕಿತ್ಸೆ ಮಾಡಲು ಹೊರಟವರು ಮೊದಲು ಅವುಗಳನ್ನು ತಟ್ಟೆಯಲ್ಲಿಯೇ ಬೇಕಾದ ಕೋಶವಾಗಿ ಬೆಳೆಸಿ, ಬಹುಸಮರ್ಥವಾಗಿ ಉಳಿದದ್ದು ಒಂದೂ ಇಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕಸಿ ಮಾಡುತ್ತಾರೆ. ಜಪಾನಿನಲ್ಲಿ 2014ರಲ್ಲಿ ಮಸಾಯೊ ತಕಾಹಾಶಿಯವರ ತಂಡ ರೋಗಿಯ ಚರ್ಮದ ಕೋಶಗಳಿಂದ ಕಣ್ಣಿನ ಅಕ್ಷಿಪಟಲದ ಪದರವೊಂದನ್ನು ಬೆಳೆಸಿ ಕಸಿ ಮಾಡಿತು. ಎರಡನೆಯ ರೋಗಿಗೆ ಬೆಳೆಸಿದ ಕೋಶಗಳಲ್ಲಿ ಜೀನಿನ ಬದಲಾವಣೆಗಳು ಕಂಡಾಗ ಕಸಿಯನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ರೋಗಗಳಿಗೆ ಮಾಡುವ ರಕ್ತದ ಆಕರಕೋಶಗಳ ಕಸಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲವೂ ಪ್ರಯೋಗದ ಹಂತದಲ್ಲಿದೆ, ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಯಾರಾದರೂ ಮತ್ತೆ ನಿಮ್ಮ ಮನೆಗೆ ಬಂದರೆ, ಈ ಪ್ರಯೋಗ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿದೆಯೇ, ಅದರ ಸಂಖ್ಯೆ ಎಷ್ಟು ಎಂದು ಮೊದಲು ಕೇಳಿ.

ಅತ್ತಿಗೆಯವರ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಗರ್ಭ ಕಟ್ಟಿದ ಮೊದಲ ಎರಡು ವಾರಗಳಲ್ಲಿ ಭ್ರೂಣದ ಕೋಶಗಳು ಇನ್ನೂ ಬಹುಸಮರ್ಥವಾಗಿರುತ್ತವೆ. ಕೆಲವು ಸತ್ತರೆ ಉಳಿದವು ಆ ಜಾಗವನ್ನು ತುಂಬುತ್ತವೆ, ತುಂಬಲಾಗದಷ್ಟು ಪೆಟ್ಟು ಬಿದ್ದರೆ ಗರ್ಭವೇ ನಿಲ್ಲುವುದಿಲ್ಲ. ಅಂಗಗಳು ಮೂಡುವ ಮೂರರಿಂದ ಎಂಟನೆಯ ವಾರದ ಕಾಲದಲ್ಲಿ ಈ ಸೌಲಭ್ಯ ಮುಗಿದಿರುತ್ತದೆ. ಥಾಲಿಡೊಮೈಡ್ ಎಂಬ ಮಾತ್ರೆ ಕೈಕಾಲುಗಳನ್ನು ಕುಂದಿಸಿದ್ದು ಗರ್ಭ ಕಟ್ಟಿದ ಸುಮಾರು 20ರಿಂದ 36ನೆಯ ದಿನದ ನಡುವೆ ತಿಂದ ತಾಯಂದಿರ ಮಕ್ಕಳಲ್ಲಿ. ಮೆದುಳಂತೂ ಒಂಬತ್ತು ತಿಂಗಳೂ ಹುಟ್ಟಿದ ಮೇಲೆಯೂ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಕೊಯ್ದ ಆ ಕೆಲವು ದಿನಗಳನ್ನು ಬೊಟ್ಟುಮಾಡಿ ಇದೇ ಕಾರಣ ಎನ್ನಲು ಯಾವ ವೈದ್ಯರಿಗೂ ಆಗದು. ತಲೆಯ ಮೇಲೆ ಏನು ಸುರಿಯಬೇಕೆಂದು ತೀರ್ಮಾನಿಸಿದವರು ಅವರಲ್ಲ. ಇದನ್ನು ನೀವು ಅವರಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಎಣ್ಮಕಜೆಯ ಒಬ್ಬ ತಂದೆ:

ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಕುಂಬಳೆಯ ಟೀಚರ್:

ನಿನ್ನೆ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಹದಿನಾರು ಕೋಶಗಳನ್ನು ಬರೆದು, ಹೊರಗಿನವಕ್ಕೆ ನೀಲಿ ಸೀಮೆಸುಣ್ಣ, ಒಳಗಿನವಕ್ಕೆ ಹಳದಿ ಸೀಮೆಸುಣ್ಣ ತುಂಬಿಸಿದೆ. ಎಣ್ಮಕಜೆಯ ಅಣ್ಣನವರ ಗುರುತು ಹೇಳದೆ, ಚಿತ್ರ ಒಂದು ಕೋಶದ್ದು, ಚುಚ್ಚಿದ್ದು ಇನ್ನೊಂದು ಎಂಬ ವಿಷಯವನ್ನೂ ಮಕ್ಕಳಿಗೆ ಹೇಳಿದೆ. ಪರೀಕ್ಷೆಗೆ ಅದು ಬರುವುದಿಲ್ಲ, ಆದರೂ ಹೇಳಲೇಬೇಕೆನಿಸಿತು. ಪಾಠ ಮುಗಿಯುವ ಹೊತ್ತಿಗೆ ಅದೇ ಹುಡುಗಿ ಮತ್ತೆ ಎದ್ದು, "ಒಂದು ನೀಲಿ ಕೋಶವನ್ನು ತೆಗೆದು ನಡುವೆ ಇಟ್ಟರೆ ಅದು ಹಳದಿಯಾಗುತ್ತದೆಯೇ? ಎಷ್ಟು ಹೊತ್ತಿನವರೆಗೆ ಆಗುತ್ತದೆ?" ಎಂದು ಕೇಳಿದ್ದಾಳೆ.

ನೀರ್ಚಾಲಿನವ, ಈಗ ಬೆಂಗಳೂರಿನಲ್ಲಿ:

ಹದಿನಾರು ಕೋಶಗಳ ಹಂತದಲ್ಲಿ ಆಗುತ್ತದೆ, ಟೀಚರೇ. ನೀಲಿಯನ್ನು ಒಳಗಿಟ್ಟರೆ ಹಳದಿಯಾಗಬಲ್ಲದು, ಹಳದಿಯನ್ನು ಹೊರಗಿಟ್ಟರೆ ನೀಲಿಯಾಗಬಲ್ಲದು. ಮೂವತ್ತೆರಡನ್ನು ದಾಟಿದ ಮೇಲೆ ನೀಲಿಗೆ ಹಿಂದಿರುಗುವುದು ಬಹಳ ಕಷ್ಟವಾಗುತ್ತದೆ. ಹಳದಿಗೆ ಇನ್ನೂ ಸ್ವಲ್ಪ ಹೊತ್ತು ಅವಕಾಶವಿರುತ್ತದೆ. ಬ್ಲಾಸ್ಟೊಸಿಸ್ಟ್ ಪೂರ್ತಿ ಉಬ್ಬಿದಾಗ ಇಲಿಯಲ್ಲಿ ಎರಡೂ ನಿಂತುಹೋಗಿರುತ್ತವೆ. ದೀಪಾವಳಿಗೆ ಊರಿಗೆ ಬರುವಾಗ ಈ ಹಂತಗಳ ಫೋಟೋಗಳನ್ನು ತರುತ್ತೇನೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದ್ದರೆ ತಿಳಿಸಿ, ಇಲ್ಲದಿದ್ದರೆ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬರುತ್ತೇನೆ.